ನಕ್ಷೆ ಯಾರದೋ, ಉಡುಪು ನಮ್ಮದು

ಹೊಲಿಗೆ ಎಂದೊಡನೆ ನಮಗೆ ಸೂಜಿ, ದಾರ, ಕತ್ತರಿ, ಯಂತ್ರ ನೆನಪಾಗುತ್ತವೆ, ಕಾಗದ ನೆನಪಾಗುವುದಿಲ್ಲ. ಆದರೆ ಬಟ್ಟೆಗೆ ಕತ್ತರಿ ತಾಗುವ ಮೊದಲೇ ಉಡುಪಿನ ಹಣೆಬರಹ ಕಾಗದದ ಮೇಲೆ ಬರೆದಾಗಿರುತ್ತದೆ. ದೇಹದ ಉಬ್ಬುತಗ್ಗುಗಳನ್ನೆಲ್ಲ ಮುಂಭಾಗ, ಹಿಂಭಾಗ, ತೋಳು, ಕೊರಳಪಟ್ಟಿ ಎಂದು ಚಪ್ಪಟೆಯಾದ ತುಂಡುಗಳಾಗಿ ಬಿಡಿಸಿ ತೋರಿಸುವ ಈ ಕಾಗದಕ್ಕೆ ಪ್ಯಾಟರ್ನ್ ಎಂದು ಹೆಸರು. ನಮ್ಮ ಹೊಲಿಗೆ ತರಗತಿಗಳಲ್ಲಿ ‘ಪೇಪರ್ ಕಟಿಂಗ್’ ಎಂಬ ಮಾತು ಬಳಕೆಯಲ್ಲಿದೆ. ಇಲ್ಲಿ ಅದನ್ನು ನಕ್ಷೆ ಎಂದೇ ಕರೆಯುತ್ತೇನೆ. ಮನೆ ಕಟ್ಟುವವರಿಗೆ ನಕ್ಷೆ ಹೇಗೋ ಹೊಲಿಯುವವರಿಗೆ ಇದು ಹಾಗೆ.

ನಿವೃತ್ತಿಯ ನಂತರದ ವರ್ಷಗಳಲ್ಲಿ ಹೊಲಿಗೆ ನನ್ನ ಬಿಡುವಿನ ವೇಳೆಯ ಮುಖ್ಯ ಕಾಯಕವಾಗಿದೆ. ಅರ್ಥಶಾಸ್ತ್ರ ಓದಿ, ಬದುಕಿನ ಬಹುಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದವಳಿಗೆ ಈ ಕಾಗದದ ತುಂಡುಗಳಲ್ಲಿ ನಿರೀಕ್ಷೆಗೂ ಮೀರಿದ ಆಸಕ್ತಿ ಹುಟ್ಟಿತು. ಒಂದು ಕಸುಬಿನ ತಿಳಿವಳಿಕೆ ಯಾರ ಬಳಿ ಉಳಿಯುತ್ತದೆ, ಯಾರಿಗೆ ಹಂಚಿಕೆಯಾಗುತ್ತದೆ, ಪಡೆದವರು ಅದನ್ನು ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆ ಎಂಬ ಹಳೆಯ ಪ್ರಶ್ನೆಗಳೆಲ್ಲ ಅದರಲ್ಲಿ ಅಡಗಿವೆ. ಮಹಿಳೆಯರ ಸ್ವಉದ್ಯೋಗದ ಹೆಸರಿನಲ್ಲಿ ನಡೆಯುವ ನಮ್ಮ ಕಾರ್ಯಕ್ರಮಗಳಿಗೂ ಈ ಪ್ರಶ್ನೆಗಳಿಗೂ ನೇರ ಸಂಬಂಧವಿದೆ ಎಂಬುದು ಈ ಲೇಖನದ ವಾದ.

ಗುಟ್ಟು ಬಯಲಾದ ಬಗೆ

ಬಟ್ಟೆ ಕತ್ತರಿಸುವ ವಿದ್ಯೆ ಶತಮಾನಗಳ ಕಾಲ ದರ್ಜಿಗಳ ಮನೆಯ ಗುಟ್ಟಾಗಿತ್ತು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಅದು ದಾಟುತ್ತಿತ್ತು. ಸ್ಪೇನಿನ ದರ್ಜಿ ಹುವಾನ್ ದೆ ಆಲ್ಸೆಗ 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ ಪುಸ್ತಕ, ಕತ್ತರಿಕೆಯ ನಕ್ಷೆಗಳನ್ನು ಅಚ್ಚಿನಲ್ಲಿ ತಂದ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಅದರ ಹೆಸರಿನಲ್ಲೇ ರೇಖಾಗಣಿತವಿತ್ತು. ಆದರೆ ಅದು ದರ್ಜಿಗಳು ದರ್ಜಿಗಳಿಗಾಗಿ ಬರೆದುಕೊಂಡ ವಿದ್ಯೆ. ಮನೆಯಲ್ಲಿ ಕುಳಿತು ಮಕ್ಕಳ ಅಂಗಿ ಹೊಲಿಯುವ ಹೆಣ್ಣಿಗೆ ಅದು ತಲುಪುವಂತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹೊಲಿಗೆ ಯಂತ್ರ ಬಂದಿತು. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. ಯಂತ್ರವನ್ನು ಕಂತಿನ ಮೇಲೆ ಮಾರುವ ಪದ್ಧತಿಯನ್ನೂ ಸಿಂಗರ್ ಕಂಪನಿ ಆರಂಭಿಸಿತು. ಹೀಗೆ ಮಧ್ಯಮ ವರ್ಗದ ಮನೆಗಳಿಗೆ ಯಂತ್ರ ಬಂದರೂ ಕೊರತೆಯೊಂದು ಉಳಿಯಿತು. ಯಂತ್ರ ಹೊಲಿಯುತ್ತದೆ, ಯಾವ ಆಕಾರಕ್ಕೆ ಕತ್ತರಿಸಬೇಕೆಂದು ಹೇಳುವುದಿಲ್ಲ. ಆ ಕಾಲದ ಮಹಿಳಾ ಪತ್ರಿಕೆಗಳು ಪ್ರಕಟಿಸುತ್ತಿದ್ದ ಪುಟ್ಟ ನಕ್ಷೆಗಳನ್ನು ದೇಹದ ಅಳತೆಗೆ ಹಿಗ್ಗಿಸಿಕೊಳ್ಳುವ ಹೊಣೆ ಓದುಗರದಾಗಿತ್ತು.

ಈ ಕೊರತೆಯನ್ನು ನೀಗಿದವನು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೀಜರ್ ಬಟ್ಟರಿಕ್. 1863ರಲ್ಲಿ ಆತ ಮಾರಾಟಕ್ಕಿಟ್ಟ ಕಾಗದದ ನಕ್ಷೆಗಳು ಒಂದೇ ಅಳತೆಯವಾಗಿರಲಿಲ್ಲ. ಚಿಕ್ಕದರಿಂದ ದೊಡ್ಡದರವರೆಗೆ ಕ್ರಮವಾಗಿ ಏರುವ ಅಳತೆಗಳಲ್ಲಿ ದೊರೆಯುತ್ತಿದ್ದವು. ಗಂಡಸರ ಹಾಗೂ ಹುಡುಗರ ಉಡುಪುಗಳಿಂದ ಆರಂಭವಾದ ಆ ವ್ಯಾಪಾರ ಕೆಲವೇ ವರ್ಷಗಳಲ್ಲಿ ಹೆಂಗಸರ ಉಡುಪುಗಳಿಗೂ ವಿಸ್ತರಿಸಿತು. ಪರಿಣಿತ ದರ್ಜಿಯೊಬ್ಬನ ತಿಳಿವಳಿಕೆ ತೆಳುವಾದ ಕಾಗದದಲ್ಲಿ ಮಡಿಕೆಯಾಗಿ ಅಂಚೆಯಲ್ಲಿ ದೂರದ ಹಳ್ಳಿಗಳಿಗೆ ಹೋಯಿತು.

ಜರ್ಮನಿಯಲ್ಲಿ ಎನ್ನ ಬುರ್ಡ ಎಂಬ ಮಹಿಳೆ 1950ರಲ್ಲಿ ಆರಂಭಿಸಿದ ಫ್ಯಾಷನ್ ಪತ್ರಿಕೆ ನಕ್ಷೆಯ ಹಾಳೆಗಳನ್ನೂ ಓದುಗರಿಗೆ ತಲುಪಿಸುತ್ತ ಬೆಳೆಯಿತು. 1987ರಲ್ಲಿ ಅದರ ರಷ್ಯನ್ ಆವೃತ್ತಿ ಸೋವಿಯತ್ ಒಕ್ಕೂಟದಲ್ಲಿ ಹೊರಬಂದಿತು. ಅಂಗಡಿಯಲ್ಲಿ ಬೇಕಾದ ಉಡುಪು ಸಿಗದ ದೇಶದಲ್ಲಿ ಆ ಹಾಳೆಗಳ ಬೆಲೆ ಏನಿದ್ದಿರಬಹುದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ವಿವರಿಸಿ ಹೇಳಬೇಕಿಲ್ಲ.

‘ಸರಾಸರಿ ಹೆಣ್ಣು’ ಎಲ್ಲಿದ್ದಾಳೆ?

ಅಚ್ಚಾದ ನಕ್ಷೆಗೆ ಒಂದು ಮಿತಿಯಿದೆ. ಅದು ಯಾರೋ ಒಬ್ಬಳ ದೇಹಕ್ಕಾಗಿ ಬರೆದದ್ದಲ್ಲ. ಕಲ್ಪಿತವಾದ ಸರಾಸರಿ ದೇಹವೊಂದಕ್ಕೆ ಬರೆದದ್ದು. ಈ ಸರಾಸರಿಯನ್ನು ಕಂಡುಹಿಡಿಯಲು ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಮಹಿಳೆಯರ ಮೈಯಳತೆ ತೆಗೆಸಿತು. 1941ರಲ್ಲಿ ಪ್ರಕಟವಾದ ಆ ಅಧ್ಯಯನ ಬಿಳಿಯ ಮಹಿಳೆಯರ ಅಂಕಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅದನ್ನು ಆಧರಿಸಿ 1958ರಲ್ಲಿ ಸಿದ್ಧ ಉಡುಪುಗಳಿಗೆ ಅಳತೆಯ ಮಾನಕವೊಂದು ಬಂದಿತು. 1983ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಇದಕ್ಕಿಂತಲೂ ಬೋಧಪ್ರದವಾದುದು ಅಮೆರಿಕದ ವಾಯುಪಡೆಯ ಅನುಭವ. 1950ರಲ್ಲಿ ಅಲ್ಲಿ 4,000ಕ್ಕೂ ಹೆಚ್ಚು ಪೈಲಟ್‌ಗಳ ದೇಹವನ್ನು ಅಳೆಯಲಾಯಿತು. ಮುಖ್ಯವಾದ ಹತ್ತು ಅಳತೆಗಳನ್ನು ಆಯ್ದು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ ಸೊನ್ನೆ. ತೋಳು ಸರಾಸರಿಯಾಗಿದ್ದವನ ಎದೆ ಸರಾಸರಿಯಾಗಿರಲಿಲ್ಲ. ಎದೆ ಹೊಂದಿದವನ ಕಾಲು ಹೊಂದಲಿಲ್ಲ. ತಲಾ ಆದಾಯದ ಅಂಕಿಯಿಂದ ಬಡವನ ಬದುಕನ್ನು ಅಳೆಯಲು ಹೊರಡುವವರಿಗೆ ಅರ್ಥಶಾಸ್ತ್ರದ ಮೇಷ್ಟ್ರುಗಳು ಹೇಳುತ್ತಿದ್ದ ಎಚ್ಚರಿಕೆಯೂ ಇದೇ ಅಲ್ಲವೇ?

ಹಾಗಾಗಿ ನಕ್ಷೆಯನ್ನು ಇದ್ದಕ್ಕಿದ್ದಂತೆ ಪಾಲಿಸಿ ಹೊಲಿದ ಉಡುಪು ಯಾರಿಗೂ ಪೂರ್ತಿ ಹೊಂದುವುದಿಲ್ಲ. ಎದೆಗೆ ಒಂದು ಅಳತೆಯ ಗೆರೆ, ಸೊಂಟಕ್ಕೆ ಮತ್ತೊಂದರ ಗೆರೆ ಹಿಡಿದು, ನಡುವೆ ಬಳುಕುವ ಹೊಸ ಗೆರೆಯೊಂದನ್ನು ನಾವೇ ಎಳೆದುಕೊಳ್ಳಬೇಕು. ಭುಜ ಇಳಿಜಾರಾಗಿದ್ದರೆ ಹೆಗಲ ಹೊಲಿಗೆಯನ್ನು ತಗ್ಗಿಸಬೇಕು. ವಯಸ್ಸಾಗಿ ಬೆನ್ನು ಬಾಗಿದವರಿಗೆ ಹಿಂಭಾಗದ ಉದ್ದ ಹೆಚ್ಚಬೇಕು, ಮುಂಭಾಗದ್ದು ಕುಗ್ಗಬೇಕು. ಹಳೆಯ ಹಾಸಿಗೆ ವಸ್ತ್ರವೊಂದನ್ನು ಮೊದಲು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಜೋಲುತ್ತದೆ ಎಂದು ಗುರುತು ಮಾಡಿಕೊಂಡು, ಆ ಗುರುತುಗಳನ್ನು ಕಾಗದಕ್ಕೆ ವರ್ಗಾಯಿಸುವುದು ಹಳಬರ ಕ್ರಮ. ಅಲ್ಲಿಂದ ಮುಂದೆ ನಕ್ಷೆ ಕಂಪನಿಯದಾಗಿ ಉಳಿಯುವುದಿಲ್ಲ.

ಸೆರಗು, ದಡಿ, ಜೇಬು

ಒಂದು ಉದಾಹರಣೆ ಕೊಡುತ್ತೇನೆ. ನನ್ನ ತಾಯಿಯ ಇಳಕಲ್ ಸೀರೆಯೊಂದು ಪೆಟ್ಟಿಗೆಯಲ್ಲಿತ್ತು. ಸೀರೆ ಉಡುವ ಅಭ್ಯಾಸವಿಲ್ಲದ ಮಗಳು ಅದರಲ್ಲಿ ತನಗೊಂದು ಉಡುಪು ಬೇಕೆಂದಳು. ನನ್ನ ಬಳಿ ಇದ್ದುದು ಪಾಶ್ಚಾತ್ಯ ಮಾದರಿಯ ನಕ್ಷೆ: ಸೊಂಟದಲ್ಲಿ ಜೋಡಣೆ, ಅದರ ಕೆಳಗೆ ಅಗಲವಾಗುತ್ತ ಹೋಗುವ ಘೇರು.

ನಕ್ಷೆಯ ಪ್ರತಿ ತುಂಡಿನ ಮೇಲೂ ಬಾಣದ ಗುರುತಿರುತ್ತದೆ. ಬಟ್ಟೆಯ ಹಾಸಿನ ಎಳೆಗೆ, ಅಂದರೆ ಅಂಚಿಗೆ, ಸಮಾನಾಂತರವಾಗಿ ಆ ಬಾಣವನ್ನು ಇಡಬೇಕೆಂಬುದು ನಿಯಮ. ಸೀರೆಯಲ್ಲಾದರೋ ದಡಿ ಅಂಚಿನುದ್ದಕ್ಕೂ ಓಡುತ್ತದೆ. ದಡಿ ಉಡುಪಿನ ಕೆಳ ಅಂಚಿಗೆ ಬರಬೇಕಾದರೆ ಬಾಣವನ್ನು ಅಡ್ಡಡ್ಡ ತಿರುಗಿಸದೆ ವಿಧಿಯಿಲ್ಲ. ಅಷ್ಟಕ್ಕೇ ಮುಗಿಯುವುದಿಲ್ಲ. ಘೇರಿನ ಕೆಳ ಅಂಚು ಕಮಾನಿನಂತೆ ಬಾಗಿರುತ್ತದೆ. ಸೀರೆಯ ದಡಿ ನೆಟ್ಟಗಿರುತ್ತದೆ. ಬಾಗಿದ ಅಂಚಿಗೆ ನೆಟ್ಟಗಿನ ದಡಿಯನ್ನು ಬಗ್ಗಿಸಲಾಗದು. ಆದ್ದರಿಂದ ಘೇರಿನ ತುಂಡನ್ನು ಕೈಬಿಟ್ಟು, ಆಯತಾಕಾರದ ಬಟ್ಟೆ ತೆಗೆದುಕೊಂಡು ಸೊಂಟದಲ್ಲಿ ನೆರಿಗೆ ಹಿಡಿದೆ. ಅಡ್ಡ ಎಳೆಯಲ್ಲಿ ಕತ್ತರಿಸಿದ ಬಟ್ಟೆ ತುಸು ಬಿಗುವಾಗಿ ನಿಲ್ಲುವುದರಿಂದ ಮುಂದುಗಡೆ ನೆರಿಗೆ ಕಡಿಮೆ ಮಾಡಿ ಹಿಂದಕ್ಕೆ ಹೆಚ್ಚು ಸರಿಸಿದೆ. ನಕ್ಷೆಯಲ್ಲಿ ಹೇಳಿದ್ದ ಕೆಳ ಅಂಚಿನ ಮಡಿಕೆಯ ಅಗತ್ಯವೇ ಬೀಳಲಿಲ್ಲ. ಇಳಕಲ್‌ನ ನೇಕಾರ ಆ ಕೆಲಸವನ್ನು ಮಗ್ಗದಲ್ಲಿಯೇ ಮುಗಿಸಿದ್ದ.

ಯಾವ ದಡಿ ಎಂಬುದೂ ಪ್ರಶ್ನೆಯೇ. ನೆಲಕ್ಕೆ ತಾಗುತ್ತಿದ್ದ ಕೆಳಗಿನ ದಡಿ ಹಿಮ್ಮಡಿಯ ಬಳಿ ಸವೆದಿತ್ತು. ಸೊಂಟಕ್ಕೆ ಸಿಕ್ಕಿಸುತ್ತಿದ್ದ ಮೇಲಿನ ದಡಿ ಹೊಸದರಂತೆಯೇ ಇತ್ತು. ತಾಯಿ ಬದುಕಿನುದ್ದಕ್ಕೂ ಒಳಗೆ ಮುಚ್ಚಿಟ್ಟಿದ್ದ ದಡಿ ಮಗಳ ಉಡುಪಿನಲ್ಲಿ ಹೊರಗೆ ಬಂದಿತು. ಕೆಂಪು ಸೆರಗಿನಿಂದ ಎದೆಭಾಗವನ್ನು ಕತ್ತರಿಸಿದೆ. ನೂಲು ಹಳೆಯದಾದ್ದರಿಂದ ಹೊಲಿಗೆಯ ಎಳೆತವನ್ನು ತಾಳಿಕೊಳ್ಳಲು ಒಳಗೆ ಬಿಳಿಯ ಹತ್ತಿಯ ಲೈನಿಂಗ್ ಕೊಟ್ಟೆ. ನಕ್ಷೆಯಲ್ಲಿ ಜೇಬಿರಲಿಲ್ಲ. ‘ಜೇಬು ಬೇಕೇ ಬೇಕಮ್ಮ’ ಎಂದಳು ಮಗಳು. ಅವಳ ಅಂಗೈಯನ್ನು ಕಾಗದದ ಮೇಲಿರಿಸಿ ಸುತ್ತ ಗೆರೆ ಎಳೆದು, ಮೊಬೈಲ್ ಹಿಡಿಯುವಷ್ಟು ಆಳ ಸೇರಿಸಿ, ಪಕ್ಕದ ಹೊಲಿಗೆಯಲ್ಲಿ ಎರಡು ಜೇಬು ಇಟ್ಟೆ.

ಇಷ್ಟೆಲ್ಲ ಬದಲಾದ ಮೇಲೂ ಮೂಲ ನಕ್ಷೆಯ ಒಂದು ಭಾಗವನ್ನು ನಾನು ಮುಟ್ಟಲಿಲ್ಲ. ಕಂಕುಳ ಸುತ್ತಿನ ಕೊರೆತ ಮತ್ತು ಅದಕ್ಕೆ ಕೂಡುವ ತೋಳಿನ ಬಾಗು, ಇವೆರಡೂ ಒಂದನ್ನೊಂದು ನಂಬಿಕೊಂಡ ಗೆರೆಗಳು. ತೋಳಿನ ಬಾಗು ಕೊರೆತಕ್ಕಿಂತ ಸ್ವಲ್ಪ ಉದ್ದವಾಗಿಯೇ ಇರುತ್ತದೆ. ಆ ಹೆಚ್ಚುವರಿಯನ್ನು ಸುಕ್ಕು ಕಾಣದಂತೆ ಸೇರಿಸಿದಾಗಲೇ ತೋಳು ಎತ್ತಿ ಇಳಿಸಲು ಸಲೀಸಾಗುತ್ತದೆ. ಅನೇಕ ತಲೆಮಾರಿನ ದರ್ಜಿಗಳ ಅನುಭವ ಆ ಎರಡು ಗೆರೆಗಳಲ್ಲಿದೆ. ಯಾವ ಗೆರೆಯನ್ನು ಧೈರ್ಯವಾಗಿ ಬದಲಿಸಬಹುದು, ಯಾವುದನ್ನು ಗೌರವದಿಂದ ಹಾಗೆಯೇ ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಬಂದವರಿಗೆ ನಕ್ಷೆ ವಶವಾಗುತ್ತದೆ.

ಹೀಗೆ ಬದಲಿಸಿಕೊಳ್ಳುವ ಸ್ವಾತಂತ್ರ್ಯಕ್ಕೆ ನಮ್ಮ ಕಾನೂನೂ ಉದಾರವಾಗಿಯೇ ಅವಕಾಶ ಕೊಟ್ಟಿದೆ. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದರೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ಬಳಸಿದರೆ ಅದರ ಹಕ್ಕುಸ್ವಾಮ್ಯ ಕೊನೆಗೊಳ್ಳುತ್ತದೆ ಎನ್ನುತ್ತದೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೂ ರಕ್ಷಣೆ ಗರಿಷ್ಠ 15 ವರ್ಷ. ಉಡುಪಿನ ಆಕಾರವನ್ನು ಯಾರೂ ಶಾಶ್ವತವಾಗಿ ಬೇಲಿ ಹಾಕಿ ಇಟ್ಟುಕೊಳ್ಳುವಂತಿಲ್ಲ.

ಅಳತೆ ರವಿಕೆಯ ಪಾಠ

ಅಚ್ಚಾದ ನಕ್ಷೆ ಪಾಶ್ಚಾತ್ಯರಿಂದ ಬಂದಿರಬಹುದು. ನಕ್ಷೆಯ ಕಲ್ಪನೆ ನಮಗೆ ಅಪರಿಚಿತವಲ್ಲ. ದರ್ಜಿಯ ಬಳಿಗೆ ಹೋಗುವ ಹೆಂಗಸಿನ ಚೀಲದಲ್ಲಿ ಹೊಸ ಬಟ್ಟೆಯ ಜೊತೆಗೆ ಹಳೆಯ ರವಿಕೆಯೊಂದು ಇದ್ದೇ ಇರುತ್ತದೆ. ‘ಅಳತೆ ರವಿಕೆ’ ಎಂದೇ ಅದಕ್ಕೆ ಹೆಸರು. ಅದು ಅವಳೊಬ್ಬಳಿಗೆಂದೇ ಸಿದ್ಧವಾದ ನಕ್ಷೆ. ‘ಇದರಂತೆಯೇ ಇರಲಿ, ಕುತ್ತಿಗೆ ಅರ್ಧ ಇಂಚು ಮೇಲಿರಲಿ, ತೋಳು ಸ್ವಲ್ಪ ಸಡಿಲವಿರಲಿ’ ಎಂಬ ಮಾತುಗಳು ಆ ನಕ್ಷೆಗೆ ಮಾಡುವ ತಿದ್ದುಪಡಿಗಳು.

ರವಿಕೆಯ ಒಳಗನ್ನು ತಿರುಗಿಸಿ ನೋಡಿದರೆ ಇನ್ನೊಂದು ಜಾಣ್ಮೆ ಕಾಣುತ್ತದೆ. ಅಮೆರಿಕದ ದೊಡ್ಡ ಕಂಪನಿಗಳ ನಕ್ಷೆಗಳು ಹೊಲಿಗೆಯ ಆಚೆ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್ ಬಟ್ಟೆ ಬಿಡುತ್ತವೆ. ನಮ್ಮ ದರ್ಜಿ ಅದಕ್ಕಿಂತ ಧಾರಾಳವಾಗಿ ಬಿಟ್ಟು, ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾನೆ. ಮೈ ತುಂಬಿಕೊಂಡಂತೆ ಒಂದೊಂದೇ ಸಾಲು ಬಿಚ್ಚಿದರಾಯಿತು. ಹೆರಿಗೆ, ಕಾಯಿಲೆ, ವಯಸ್ಸು ಇವೆಲ್ಲಕ್ಕೂ ಮುಂಗಡಪತ್ರದಲ್ಲಿ ಅವಕಾಶ ಕಲ್ಪಿಸಿದಂಥ ವ್ಯವಸ್ಥೆ ಅದು. ದೇಹ ಇಂದಿನಂತೆ ನಾಳೆ ಇರುವುದಿಲ್ಲ ಎಂಬ ಅರಿವನ್ನು ನಮ್ಮ ಕಸುಬುದಾರರು ಹೊಲಿಗೆಯೊಳಗೇ ಇಟ್ಟಿದ್ದಾರೆ.

ಕತ್ತರಿ ಯಾರ ಕೈಯಲ್ಲಿದೆ?

ಇಷ್ಟು ತಿಳಿವಳಿಕೆ ನಮ್ಮಲ್ಲಿದ್ದರೂ ಅದು ಯಾರ ಬಳಿ ಇದೆ ಎಂದು ಕೇಳಬೇಕು. ಯಾವುದೇ ಪೇಟೆಯ ಹೊಲಿಗೆ ಅಂಗಡಿಯನ್ನು ಗಮನಿಸಿ. ಅಳತೆ ತೆಗೆದುಕೊಂಡು ಬಟ್ಟೆ ಕತ್ತರಿಸುವವನು ‘ಕಟಿಂಗ್ ಮಾಸ್ಟರ್’. ಕತ್ತರಿಸಿದ ತುಂಡುಗಳನ್ನು ಜೋಡಿಸುವವರು ಬೇರೆಯವರು. ಅವರಲ್ಲಿ ಅನೇಕರು ಮನೆಯಲ್ಲೇ ಕುಳಿತು ಪೀಸಿನ ಲೆಕ್ಕದಲ್ಲಿ ದುಡಿಯುವ ಹೆಂಗಸರು. ಗಿರಾಕಿ ಗುರುತಿಸುವುದು ಮಾಸ್ಟರನ್ನು. ದರ ನಿಗದಿ ಮಾಡುವವನೂ ಅವನೇ. ಜೋಡಿಸುವವಳು ಹೋದರೆ ಮತ್ತೊಬ್ಬಳು ಬರುತ್ತಾಳೆ. ಕತ್ತರಿಸುವವನು ಹೋದರೆ ಅಂಗಡಿ ಮುಚ್ಚುತ್ತದೆ. ಅಪರೂಪವಾದುದಕ್ಕೆ ಬೆಲೆ ಹೆಚ್ಚೆಂಬುದು ಅರ್ಥಶಾಸ್ತ್ರದ ಮೊದಲ ಪಾಠ.

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಈ ವಿಭಜನೆ ಇನ್ನೂ ಕಟ್ಟುನಿಟ್ಟು. ಹೊಲಿಗೆಯ ಸಾಲುಗಳಲ್ಲಿರುವವರು ಬಹುಪಾಲು ಮಹಿಳೆಯರು. ಒಬ್ಬಳು ದಿನವಿಡೀ ಕಾಲರ್ ಹೊಲಿದರೆ ಇನ್ನೊಬ್ಬಳು ಜೇಬು ಕೂಡಿಸುತ್ತಾಳೆ. ವರ್ಷಾನುಗಟ್ಟಲೆ ಹೀಗೆ ದುಡಿದವಳಿಗೆ ಒಂದು ಇಡೀ ಅಂಗಿಯನ್ನು ಅಳತೆಯಿಂದ ಗುಂಡಿಯವರೆಗೆ ಹೊಲಿಯಲು ಬರುತ್ತದೆಂದು ಹೇಳಲಾಗದು. ಸೂಜಿಪಿನ್ನಿನ ತಯಾರಿಕೆಯನ್ನು 18 ಹಂತಗಳಾಗಿ ಒಡೆದು ಉತ್ಪಾದನೆ ಹೇಗೆ ಹೆಚ್ಚುತ್ತದೆಂದು 1776ರಲ್ಲಿ ವಿವರಿಸಿದ ಆಡಂ ಸ್ಮಿತ್, ಅದೇ ಗ್ರಂಥದ ಕೊನೆಯ ಭಾಗದಲ್ಲಿ ಒಂದೆರಡು ಸರಳ ಕ್ರಿಯೆಗಳಲ್ಲೇ ಆಯುಷ್ಯ ಸವೆಸುವವನ ಬುದ್ಧಿ ಮಂಕಾಗುವ ಅಪಾಯವನ್ನೂ ಹೇಳಿದ್ದಾನೆ. ನಾವು ಮೊದಲನೆಯದನ್ನು ಬಾಯಿಪಾಠ ಮಾಡಿದೆವು, ಎರಡನೆಯದನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟೆವು.

ಯಂತ್ರಗಳ ಬಗ್ಗೆ ಕಠಿಣ ನಿಲುವು ತಳೆದಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಅದು ಮನುಷ್ಯನ ಶ್ರಮವನ್ನು ಹಗುರಗೊಳಿಸುವ, ಪ್ರೀತಿಯಿಂದ ಹುಟ್ಟಿದ ಯಂತ್ರ ಎಂಬುದು ಅವರ ಭಾವನೆ. ಅಂದಿನಿಂದ ಇಂದಿನವರೆಗೆ ನಮ್ಮ ಸರ್ಕಾರಗಳಿಗೂ ಸಂಘಸಂಸ್ಥೆಗಳಿಗೂ ಬಡ ಹೆಣ್ಣಿನ ನೆರವೆಂದರೆ ಹೊಲಿಗೆ ಯಂತ್ರವೇ ನೆನಪಾಗುತ್ತದೆ. ಸೇವೆಯಲ್ಲಿದ್ದಾಗ ಇಂಥ ಎಷ್ಟೋ ವಿತರಣಾ ಸಮಾರಂಭಗಳನ್ನು ಕಂಡಿದ್ದೇನೆ. ಪ್ರಗತಿ ವರದಿಯಲ್ಲಿ ಹಂಚಿದ ಯಂತ್ರಗಳ ಸಂಖ್ಯೆಗೆ ಒಂದು ಕಾಲಂ ಇರುತ್ತಿತ್ತು. ಪಡೆದವರಲ್ಲಿ ಎಷ್ಟು ಮಂದಿಗೆ ಸ್ವತಃ ಬಟ್ಟೆ ಕತ್ತರಿಸಲು ಬರುತ್ತದೆ ಎಂಬುದಕ್ಕೆ ಕಾಲಂ ಇರುತ್ತಿರಲಿಲ್ಲ. ಕತ್ತರಿಸಲು ಬಾರದವಳ ಮನೆಯಲ್ಲಿ ಆ ಯಂತ್ರ ಸೀರೆಗೆ ಫಾಲ್ಸ್ ಹಚ್ಚಲು, ಹರಿದದ್ದನ್ನು ಕೂಡಿಸಲು ಬಳಕೆಯಾಗುತ್ತದೆ. ಅದೂ ಸಂಪಾದನೆಯೇ, ಆದರೆ ಅದಕ್ಕೆ ಮಿತಿಯಿದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ದಿನಕ್ಕೆ 500 ರೂಪಾಯಿ ಭತ್ಯೆಯೊಂದಿಗೆ 5ರಿಂದ 7 ದಿನಗಳ ಮೂಲ ತರಬೇತಿ, ಬಯಸಿದವರಿಗೆ 15 ದಿನ ಅಥವಾ ಅದಕ್ಕೂ ಹೆಚ್ಚಿನ ಮುಂದುವರಿದ ತರಬೇತಿಯ ಅವಕಾಶ ಅದರಲ್ಲಿದೆ. ತರಬೇತಿಯನ್ನು ಯೋಜನೆಯ ಭಾಗವಾಗಿಸಿರುವುದು ಸ್ವಾಗತಾರ್ಹ. ಆದರೆ ವಾರದೊಳಗೆ ಕತ್ತರಿಕೆಯ ವಿದ್ಯೆ ಕೈಗೆ ಹತ್ತುವುದಿಲ್ಲ. ತರಬೇತಿ ಮುಗಿಸಿ ಮನೆಗೆ ಹೋದವಳಿಗೆ ಪದೇ ಪದೇ ತೆಗೆದು ನೋಡಲು, ತಿದ್ದಿ ಬಳಸಲು ಆಧಾರವೊಂದು ಬೇಕು. ಆ ಆಧಾರವೇ ನಕ್ಷೆ.

ಮಾಡಬೇಕಾದದ್ದು ದುಬಾರಿಯಲ್ಲ. ರವಿಕೆ, ಲಂಗ, ಚೂಡಿದಾರ್, ಮಕ್ಕಳ ಫ್ರಾಕು, ಅಂಗಿ, ಚಡ್ಡಿ ಇವಿಷ್ಟಕ್ಕೆ ಹಲವು ಅಳತೆಗಳಲ್ಲಿ ನಕ್ಷೆಗಳನ್ನು ಕನ್ನಡದ ಸೂಚನೆಗಳೊಂದಿಗೆ ನಿಜಗಾತ್ರದಲ್ಲಿ ಮುದ್ರಿಸಿ ಪ್ರತಿ ಯಂತ್ರದ ಜೊತೆಗೂ ಕೊಡಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಒಂದೊಂದು ಸೆಟ್ ಇಡಬೇಕು. ಪ್ರತಿ ವರ್ಷ ಪಠ್ಯಪುಸ್ತಕಗಳನ್ನು ಮುದ್ರಿಸಿ ಹಳ್ಳಿಹಳ್ಳಿಗೆ ತಲುಪಿಸುವ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ. ಒಬ್ಬಳು ಬಳಸಿದ್ದರಿಂದ ಇನ್ನೊಬ್ಬಳಿಗೆ ಕಡಿಮೆಯಾಗದ ಸಂಪತ್ತು ನಕ್ಷೆ. ಸಾರ್ವಜನಿಕ ಹಣ ತೊಡಗಿಸಲು ಇದಕ್ಕಿಂತ ಯೋಗ್ಯವಾದ ಬಾಬತ್ತು ಅಪರೂಪ.

ಅಳತೆಗಳು ನಮ್ಮ ಜನರವೇ ಆಗಿರಬೇಕು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ದೇಶದ ಆರು ನಗರಗಳಲ್ಲಿ 25,000 ಜನರ ಮೈಯಳತೆ ತೆಗೆದು ಭಾರತೀಯ ಅಳತೆಯ ಪಟ್ಟಿ ರೂಪಿಸುವ ಕಾರ್ಯವನ್ನು ಕೈಗೆತ್ತಿಕೊಂಡಿತು. ಅದರ ಫಲ ಸಿದ್ಧ ಉಡುಪಿನ ಕಂಪನಿಗಳಿಗಷ್ಟೇ ಮೀಸಲಾಗದೆ ಸಣ್ಣ ಊರಿನ ಹೊಲಿಗೆಯವಳ ಮೇಜಿನವರೆಗೂ ಬರಬೇಕು. ತಿದ್ದುವ ಬಗೆಯನ್ನು ಕಲಿಸುವುದು ಇನ್ನೂ ಮುಖ್ಯ. ನಕ್ಷೆಯನ್ನು ಕುರುಡಾಗಿ ಅನುಸರಿಸುವವಳು ಕಾರ್ಖಾನೆಯ ಸಾಲಿನಿಂದ ಎದ್ದು ಬಂದಂತಾಗುವುದಿಲ್ಲ.

ಇಂಟರ್‌ನೆಟ್ಟಿನಲ್ಲಿ ಎಲ್ಲವೂ ಉಚಿತವಾಗಿ ಸಿಗುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಹೊಲಿಗೆ ಕಲಿಸುವ ಕನ್ನಡದ ವಿಡಿಯೊಗಳು ಹೇರಳವಾಗಿವೆ, ಅವುಗಳಿಂದ ಕಲಿತವರೂ ಇದ್ದಾರೆ. ಆದರೆ ಮೊಬೈಲ್ ಪರದೆಯ ಚಿತ್ರವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಲಾಗದು. ಹತ್ತಾರು ಹಾಳೆಗಳಲ್ಲಿ ಮುದ್ರಿಸಿ, ಅಂಟಿಸಿ, ನಿಜಗಾತ್ರಕ್ಕೆ ತರಲು ಬೇಕಾದ ಪ್ರಿಂಟರ್ ಹಳ್ಳಿಯ ಮನೆಯಲ್ಲಿರುವುದಿಲ್ಲ. ಅಗ್ಗದ ಸಿದ್ಧ ಉಡುಪಿನ ಕಾಲದಲ್ಲಿ ಹೊಲಿಸುವವರು ಯಾರು ಎಂಬುದು ಇನ್ನೊಂದು ಆಕ್ಷೇಪ. ರವಿಕೆಯನ್ನು ಇಂದಿಗೂ ನಾವು ಹೆಚ್ಚಾಗಿ ಹೊಲಿಸಿಯೇ ತೊಡುತ್ತೇವೆ. ಹಬ್ಬ, ಮದುವೆಗಳ ಕಾಲದಲ್ಲಿ ಒಳ್ಳೆಯ ದರ್ಜಿಯ ಮುಂದೆ ವಾರಗಟ್ಟಲೆ ಕಾಯುವವರಿಗೆ ಬೇಡಿಕೆಯ ಪುರಾವೆ ಬೇಕಾಗಿಲ್ಲ. ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಹಂಚಲಾಗುತ್ತದೆ. ಅದನ್ನು ಹೊಲಿಯಲು ಪ್ರತಿ ಊರಿನಲ್ಲೂ ಕೈಗಳು ಬೇಕು, ಆ ಕೈಗಳಿಗೆ ಕೆಲವೇ ಅಳತೆಗಳ ನಕ್ಷೆ ಸಾಕು.

ಯಂತ್ರವನ್ನು ಹಂಚುವುದು ಸುಲಭ, ಎಣಿಸುವುದು ಇನ್ನೂ ಸುಲಭ. ಕತ್ತರಿ ಹಿಡಿಯುವ ಧೈರ್ಯ ಅಷ್ಟು ಸುಲಭವಾಗಿ ಎಣಿಕೆಗೆ ಸಿಗುವುದಿಲ್ಲ. ಮುಂದಿನ ಬಾರಿ ಹೊಲಿಗೆ ಯಂತ್ರದ ಟೆಂಡರ್ ಕರೆಯುವ ಅಧಿಕಾರಿಗಳು ಸಲಕರಣೆಗಳ ಪಟ್ಟಿಯಲ್ಲಿ ಯಂತ್ರ, ಕತ್ತರಿ, ಟೇಪುಗಳ ಕೆಳಗೆ ‘ನಕ್ಷೆಯ ಹಾಳೆಗಳು, ಒಂದು ಸೆಟ್’ ಎಂಬ ಒಂದು ಸಾಲನ್ನು ಸೇರಿಸಲಿ. ಆ ಹಾಳೆಗಳ ಮೇಲೆ ತಮ್ಮ ಗೆರೆಗಳನ್ನು ಎಳೆದುಕೊಳ್ಳುವ ಕೆಲಸವನ್ನು ನಮ್ಮ ಹೆಣ್ಣುಮಕ್ಕಳು ನೋಡಿಕೊಳ್ಳುತ್ತಾರೆ.